ವಿಲ್ಟ್ ಚೇಂಬರ್ಲೇನ್ ಬರೀ ಅಂಕ ಗುಡ್ಡೆ ಹಾಕಿದ ಆಟಗಾರನೇ?

ಪ್ರಶ್ನೆ: ನನ್ನ ಮಗ ಹತ್ತನೇ ತರಗತಿ. ಆರಡಿ ಎರಡಿಂಚು ಎತ್ತರ, ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಬುಟ್ಟಿಯ ಹತ್ತಿರ ಆಡುವ ಸೆಂಟರ್. ‘100’ ಎಂದು ಬರೆದ ಹಾಳೆ ಹಿಡಿದು ಕುಳಿತ ವಿಲ್ಟ್ ಚೇಂಬರ್ಲೇನ್ ಚಿತ್ರವನ್ನು ಕೋಣೆಯ ಗೋಡೆಗೆ ಅಂಟಿಸಿಕೊಂಡಿದ್ದಾನೆ. ಜೊತೆಯ ಹುಡುಗರು ‘ಅದೆಲ್ಲ ಕುಳ್ಳರ ಕಾಲದಲ್ಲಿ ಹೊಡೆದ ಪಾಯಿಂಟು, ಆ ನೂರು ಕೂಡ ತಂಡದವರು ಸೇರಿ ಮಾಡಿಸಿದ ನಾಟಕ, ಅಷ್ಟೆಲ್ಲ ಆಡಿ ಗೆದ್ದದ್ದು ಎರಡೇ ಕಪ್ಪು’ ಎಂದು ಕಾಡುತ್ತಾರಂತೆ. ಇವನು ಮನೆಗೆ ಬಂದು ನನ್ನನ್ನು ಕೇಳುತ್ತಾನೆ. ಆ ಮನುಷ್ಯನ ಸಾಧನೆ ನಿಜಕ್ಕೂ ಎಷ್ಟು ದೊಡ್ಡದು? ಇನ್ನೊಂದು ವಿಷಯ. ನನ್ನ ಮಗನ ಫ್ರೀ ಥ್ರೋ ಹತ್ತಕ್ಕೆ ನಾಲ್ಕು ಬಿದ್ದರೆ ಹೆಚ್ಚು. ಅದಕ್ಕೂ ಏನಾದರೂ ಹೇಳಿ.
— ಓದುಗರೊಬ್ಬರು, ಮಂಡ್ಯ

ಉತ್ತರ: ನಿಮ್ಮ ಎರಡು ಪ್ರಶ್ನೆಗಳೂ ಕೊನೆಗೆ ಒಂದೇ ಕಡೆ ಬಂದು ಸೇರುತ್ತವೆ. ಆದ್ದರಿಂದ ಉತ್ತರ ಸ್ವಲ್ಪ ಉದ್ದವಾದರೆ ಬೇಸರಿಸಬೇಡಿ.

ಗೋಡೆಯ ಮೇಲಿನ ಆ ಚಿತ್ರದಿಂದಲೇ ಶುರುಮಾಡೋಣ. 1962ರ ಮಾರ್ಚ್ 2, ಶುಕ್ರವಾರ ರಾತ್ರಿ. ಊರು ಹರ್ಷಿ, ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಒಂದು ಚಾಕೊಲೇಟ್ ಕಾರ್ಖಾನೆಯ ಸುತ್ತ ಬೆಳೆದ ಸಣ್ಣ ಪಟ್ಟಣ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ವಿಲ್ಟ್ ಆಡುತ್ತಿದ್ದ ಫಿಲಡೆಲ್ಫಿಯಾ ವಾರಿಯರ್ಸ್ ತಂಡ ಹೊಸ ಪ್ರೇಕ್ಷಕರು ಸಿಗಲಿ ಎಂದು ಕೆಲವು ಪಂದ್ಯಗಳನ್ನು ಅಲ್ಲಿ ಆಡುತ್ತಿತ್ತು. ಅಂದು ಎದುರಾಳಿ ನ್ಯೂಯಾರ್ಕ್ ನಿಕ್ಸ್. ಬಂದಿದ್ದವರು 4,124 ಜನ. ಟಿವಿ ಪ್ರಸಾರ ಇರಲಿಲ್ಲ, ಇಡೀ ಪಂದ್ಯದ ಒಂದಡಿ ಫಿಲ್ಮ್ ಕೂಡ ಉಳಿದಿಲ್ಲ. ರೇಡಿಯೊದಲ್ಲಿ ಬಿಲ್ ಕ್ಯಾಂಪ್‌ಬೆಲ್ ಹೇಳಿದ ನಾಲ್ಕನೇ ಕ್ವಾರ್ಟರಿನ ವೀಕ್ಷಕ ವಿವರಣೆ ಮಾತ್ರ ಉಳಿದುಬಂದಿದೆ. ಆ ಹಾಳೆಯ ಮೇಲೆ ‘100’ ಎಂದು ಬರೆದುಕೊಟ್ಟದ್ದು ತಂಡದ ಪ್ರಚಾರದ ಕೆಲಸ ನೋಡುತ್ತಿದ್ದ ಹಾರ್ವಿ ಪೊಲಾಕ್. ಫೋಟೊ ತೆಗೆದ ಪಾಲ್ ವಾಥಿಸ್ ಸುದ್ದಿಸಂಸ್ಥೆಯ ಛಾಯಾಗ್ರಾಹಕನಾದರೂ ಅಂದು ಮಗನನ್ನು ಕರೆದುಕೊಂಡು ಸುಮ್ಮನೆ ಆಟ ನೋಡಲು ಬಂದಿದ್ದವನು. ಅಂಕ ಏರುತ್ತಿರುವುದು ಕಂಡು ಎದ್ದುಹೋಗಿ ಕಾರಿನಿಂದ ಕ್ಯಾಮೆರಾ ತಂದ. ಅವನು ಎದ್ದು ಹೋಗದಿದ್ದರೆ ನಿಮ್ಮ ಮಗನ ಗೋಡೆ ಖಾಲಿ ಇರುತ್ತಿತ್ತು.

ವಿಲ್ಟ್ ಮೊದಲ ಕ್ವಾರ್ಟರಿನಲ್ಲಿ 23, ಎರಡನೆಯದರಲ್ಲಿ 18, ಮೂರನೆಯದರಲ್ಲಿ 28, ಕೊನೆಯದರಲ್ಲಿ 31 ಅಂಕ ಹೊಡೆದ. 63 ಎಸೆತಗಳಲ್ಲಿ 36 ಬುಟ್ಟಿಗೆ ಬಿದ್ದವು. ಫೌಲ್ ಆದಾಗ ಯಾರೂ ಅಡ್ಡ ಬರದಂತೆ ಗೆರೆಯಿಂದ ಎಸೆಯಲು ಸಿಗುವ ಫ್ರೀ ಥ್ರೋಗಳು 32, ಅವುಗಳಲ್ಲಿ 28 ಬಿದ್ದವು. ಈ ಕೊನೆಯ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಳ್ಳಿ, ಆಮೇಲೆ ಅದಕ್ಕೇ ಬರುತ್ತೇನೆ. ನೂರನೆಯ ಅಂಕ ಬಂದಾಗ ಗಡಿಯಾರದಲ್ಲಿ ಇನ್ನೂ 46 ಸೆಕೆಂಡು ಬಾಕಿ ಇತ್ತು. ಪಂದ್ಯ 169–147.

‘ನಾಟಕ’ ಎನ್ನುವವರ ಮಾತಿನಲ್ಲಿ ಒಂದು ಪಾಲು ಸತ್ಯವಿದೆ. ಅದನ್ನು ಮುಚ್ಚಿಟ್ಟು ವಾದ ಮಾಡಬಾರದು. ಕೊನೆಯ ಕ್ವಾರ್ಟರಿನಲ್ಲಿ ಆಟ ವಿಚಿತ್ರವಾಗಿ ತಿರುಗಿತು. ವಿಲ್ಟ್ ಕೈಗೆ ಚೆಂಡು ಹೋಗದಿರಲಿ ಎಂದು ನಿಕ್ಸ್ ಆಟಗಾರರು ಬೇಕೆಂದೇ ವಾರಿಯರ್ಸ್‌ನ ಉಳಿದವರ ಮೇಲೆ ಫೌಲ್ ಮಾಡತೊಡಗಿದರು. ಚೆಂಡು ಬೇಗ ತಮ್ಮ ಕಡೆಗೆ ಬರಲಿ ಎಂದು ವಾರಿಯರ್ಸ್ ಕೂಡ ನಿಕ್ಸ್ ಮೇಲೆ ಫೌಲ್ ಮಾಡಿದರು. ಸಿಕ್ಕ ಚೆಂಡೆಲ್ಲ ಒಬ್ಬನ ಕೈಗೇ ಹೋಯಿತು. ಜೊತೆಗಾರ ಗೈ ರಾಜರ್ಸ್ ಅಂದು 20 ಅಸಿಸ್ಟ್, ಅಂದರೆ ನೇರ ಬುಟ್ಟಿಗೆ ದಾರಿಯಾದ ಪಾಸ್, ಕೊಟ್ಟಿದ್ದಾನೆ. ಅಲ್ ಆಟಲ್ಸ್ ಎಂಬುವನು ಎಂಟಕ್ಕೆ ಎಂಟೂ ಬುಟ್ಟಿಗೆ ಹಾಕಿದ, ಆದರೆ ಆ ರಾತ್ರಿ ಅದನ್ನು ಗಮನಿಸುವವರೇ ಇರಲಿಲ್ಲ.

ಇದು ಮೋಸವೇ? ನಮಗೆ ಹತ್ತಿರದ ಒಂದು ದಿನವನ್ನು ನೆನಪಿಸಿಕೊಳ್ಳಿ. 1999ರ ಫೆಬ್ರುವರಿ 7, ದೆಹಲಿಯ ಕೋಟ್ಲಾ ಮೈದಾನ. ಪಾಕಿಸ್ತಾನದ ಒಂಬತ್ತು ವಿಕೆಟ್ ಅನಿಲ್ ಕುಂಬ್ಳೆಗೆ ಬಿದ್ದಿವೆ. ಇನ್ನೊಂದು ಕಡೆಯಿಂದ ಜಾವಗಲ್ ಶ್ರೀನಾಥ್ ಆಫ್ ಸ್ಟಂಪಿನಿಂದ ದೂರ ದೂರ ಚೆಂಡು ಹಾಕುತ್ತಿದ್ದಾರೆ, ಹತ್ತನೆಯ ವಿಕೆಟ್ ತಮಗೆ ಬೀಳಬಾರದೆಂದು. ಕುಂಬ್ಳೆಯ 74ಕ್ಕೆ 10 ಅದರಿಂದ ಚಿಕ್ಕದಾಯಿತು ಎಂದು ನಾವ್ಯಾರಾದರೂ ಹೇಳುತ್ತೇವೆಯೇ? ಶ್ರೀನಾಥ್ ದಾರಿ ಬಿಟ್ಟುಕೊಟ್ಟಿರಬಹುದು, ಒಂಬತ್ತು ವಿಕೆಟ್ ದಾರಿಯಲ್ಲಿ ಬಿದ್ದು ಸಿಕ್ಕಿದ್ದಲ್ಲ. ಹಾಗೆಯೇ ಹರ್ಷಿಯಲ್ಲಿ ಮೂರನೆಯ ಕ್ವಾರ್ಟರ್ ಮುಗಿದಾಗಲೇ ವಿಲ್ಟ್ 69 ಅಂಕಕ್ಕೆ ಬಂದಿದ್ದ. ತಂಡದವರು ಉಳಿದ 31ಕ್ಕೆ ದಾರಿ ಮಾಡಿಕೊಟ್ಟರು. ಎದುರಾಳಿಗಳಂತೂ ಆ ದಾರಿ ಮುಚ್ಚಲು ಕೈಲಾದದ್ದೆಲ್ಲ ಮಾಡಿದರು. ಇಬ್ಬರೂ ಸೇರಿ ಆಡುವುದಕ್ಕೆ ನಾಟಕ ಎನ್ನುತ್ತಾರೆ, ಇದು ಅದಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯ: ವಿಲ್ಟ್‌ನನ್ನು ಅಳೆಯಲು ಆ ನೂರು ಒಳ್ಳೆಯ ಅಳತೆಗೋಲಲ್ಲ. ಒಂದು ರಾತ್ರಿ ಯಾರಿಗಾದರೂ ದೇವರು ಬರಬಹುದು. 2006ರ ಜನವರಿ 22ರಂದು ಟೊರಾಂಟೊ ವಿರುದ್ಧ 81 ಹೊಡೆದ ಕೋಬಿ ಬ್ರಯಂಟ್‌ಗೂ ಬಂದಿತ್ತು. ವಿಲ್ಟ್‌ನ ಸಂಗತಿ ಬೇರೆ. ಆ 1961–62ರ ಸೀಸನ್ನಿನ 80 ಪಂದ್ಯಗಳನ್ನೂ ಕೂಡಿಸಿದರೆ ಆತನ ಅಂಕ 4,029. ಪಂದ್ಯವೊಂದಕ್ಕೆ ಸರಾಸರಿ 50.4. ಅಂದರೆ ಇವತ್ತು ಯಾವ ಆಟಗಾರ ಹೊಡೆದರೂ ಮರುದಿನದ ಸುದ್ದಿಯಾಗುವ ಐವತ್ತು, ಆತನಿಗೆ ದಿನನಿತ್ಯದ ಕೂಲಿಯಂತೆ ಬರುತ್ತಿತ್ತು. ಹರ್ಷಿಗೆ ಮೊದಲು ಡಿಸೆಂಬರಿನಲ್ಲಿ ಲೇಕರ್ಸ್ ವಿರುದ್ಧ ಮೂರು ಓವರ್‌ಟೈಮ್ ನಡೆದ ಪಂದ್ಯದಲ್ಲಿ 78, ಜನವರಿಯಲ್ಲಿ ಷಿಕಾಗೊ ವಿರುದ್ಧ 73. ಇಡೀ ವೃತ್ತಿಜೀವನದಲ್ಲಿ ಐವತ್ತು ದಾಟಿದ ಪಂದ್ಯಗಳು 118.

ಈ ಸೀಸನ್ನಿನಲ್ಲಿ ನನ್ನನ್ನು ಹೆಚ್ಚು ಬೆರಗುಗೊಳಿಸುವ ಸಂಖ್ಯೆ ಮಾತ್ರ ಅಂಕದ್ದಲ್ಲ, ನಿಮಿಷದ್ದು. ಎನ್‌ಬಿಎ ಪಂದ್ಯ 48 ನಿಮಿಷ. ವಿಲ್ಟ್‌ನ ಸರಾಸರಿ 48.5 ನಿಮಿಷ! ಓವರ್‌ಟೈಮ್ ಸೇರಿದ್ದರಿಂದ ಹಾಗೆ. ವರ್ಷಪೂರ್ತಿ ಆತ ಅಂಕಣದ ಹೊರಗಿದ್ದದ್ದು ಎಂಟೇ ನಿಮಿಷ, ಅದೂ ರೆಫ್ರಿ ಜೊತೆ ಮಾತಿಗೆ ಮಾತು ಬೆಳೆದು ಹೊರಗೆ ಕಳಿಸಿದ್ದರಿಂದ. ನಾನು ಹುಡುಗರಿಗೆ ತರಬೇತಿ ಕೊಡುವವನು. ನಮ್ಮ 40 ನಿಮಿಷದ ಪಂದ್ಯದಲ್ಲಿ ಎತ್ತರದ ಹುಡುಗನೊಬ್ಬ 30 ನಿಮಿಷ ಓಡಿದರೆ ಕೊನೆಗೆ ಮೊಣಕಾಲಿಗೆ ಕೈಯೂರಿ ನಿಲ್ಲುವುದನ್ನು ದಿನಾ ನೋಡುತ್ತೇನೆ. ಏಳಡಿ ಒಂದಿಂಚಿನ ಆ ದೇಹ, ಆ ಕಾಲದ ತೆಳು ಸೋಲಿನ ಬಟ್ಟೆ ಷೂ ಹಾಕಿಕೊಂಡು, ಮೈಮೇಲೆ ಇಬ್ಬರು ಜೋತುಬಿದ್ದಿರುವಾಗ, ವರ್ಷವಿಡೀ ಬೆಂಚಿಗೆ ಹೋಗಿ ಕೂರಲೇ ಇಲ್ಲ. ಇನ್ನೊಂದು ಮಾತು: 14 ಸೀಸನ್, 1,045 ಪಂದ್ಯಗಳಲ್ಲಿ ಒಂದರಲ್ಲೂ ಆತ ಆರು ಫೌಲ್ ಮಾಡಿ ಹೊರಹೋದದ್ದಿಲ್ಲ.

ಈಗ ‘ಕುಳ್ಳರ ಕಾಲ’. ಹರ್ಷಿಯಲ್ಲಿ ವಿಲ್ಟ್‌ನನ್ನು ತಡೆಯಲು ನಿಂತ ಡ್ಯಾರಲ್ ಇಮ್ಹಾಫ್ ಆರಡಿ ಹತ್ತಿಂಚು. ಇಪ್ಪತ್ತು ನಿಮಿಷಕ್ಕೆ ಆರು ಫೌಲ್ ಮುಗಿಸಿ ಹೊರನಡೆದ. ಅದೇ ವರ್ಷ ಲೀಗಿಗೆ ಬಂದ ವಾಲ್ಟ್ ಬೆಲಮಿ ಆರಡಿ ಹನ್ನೊಂದು. ಬಾಸ್ಟನ್ ಸೆಲ್ಟಿಕ್ಸ್‌ನ ಬಿಲ್ ರಸೆಲ್ ಎತ್ತರದಲ್ಲಿ ಸ್ವಲ್ಪ ಕಡಿಮೆ, ಆದರೆ ಆಟ ತಡೆಯುವುದರಲ್ಲಿ ಅವನಿಗಿಂತ ಮಿಗಿಲಾದವನನ್ನು ಈ ಆಟ ಕಂಡಿಲ್ಲ ಎನ್ನುವವರಲ್ಲಿ ನಾನೂ ಒಬ್ಬ. ಇನ್ನೂ ಮುಖ್ಯವಾದದ್ದು, ಆಗ ಲೀಗಿನಲ್ಲಿದ್ದದ್ದು ಒಂಬತ್ತೇ ತಂಡ. ಎಂಟು ಎದುರಾಳಿ, 80 ಪಂದ್ಯ. ಅಂದರೆ ಒಂದೊಂದು ತಂಡವೂ ವರ್ಷಕ್ಕೆ ಸುಮಾರು ಹತ್ತು ಸಲ ವಿಲ್ಟ್‌ನನ್ನು ಎದುರಿಸುತ್ತಿತ್ತು. ಹತ್ತು ಸಲ ನೋಡಿದವರಿಗೆ ಅವನ ಒಂದೊಂದು ಹೆಜ್ಜೆಯೂ ಬಾಯಿಪಾಠ. ಆದರೂ ತಡೆಯಲಾಗಲಿಲ್ಲ.

ಆ ಹುಡುಗರು ಹೇಳಬಹುದಾಗಿದ್ದ, ಆದರೆ ಹೇಳದೆ ಬಿಟ್ಟ ಒಂದು ಗಟ್ಟಿ ಆಕ್ಷೇಪವಿದೆ. ಆ ಕಾಲದ ಆಟದ ಓಟ. 1961–62ರಲ್ಲಿ ಒಂದು ತಂಡ ಪಂದ್ಯಕ್ಕೆ ಸರಾಸರಿ 107ಕ್ಕೂ ಹೆಚ್ಚು ಸಲ ಬುಟ್ಟಿಗೆ ಎಸೆಯುತ್ತಿತ್ತು, ಈಗ 90ರ ಆಸುಪಾಸು. ಎಸೆತ ಹೆಚ್ಚಾದಷ್ಟು ಅಂಕವೂ ಹೆಚ್ಚು, ತಪ್ಪಿದ ಎಸೆತ ಹೆಚ್ಚಾದಷ್ಟು ರಿಬೌಂಡೂ, ಅಂದರೆ ತಪ್ಪಿ ಪುಟಿದ ಚೆಂಡನ್ನು ಹಿಡಿಯುವುದೂ, ಹೆಚ್ಚು. ಅದೇ ಸೀಸನ್ನಿನಲ್ಲಿ ಎಲ್ಜಿನ್ ಬೇಲರ್ 38.3, ಬೆಲಮಿ 31.6 ಸರಾಸರಿಯಲ್ಲಿ ಹೊಡೆದದ್ದೂ, ಆಸ್ಕರ್ ರಾಬರ್ಟ್‌ಸನ್ ವರ್ಷವಿಡೀ ಟ್ರಿಪಲ್-ಡಬಲ್ (ಅಂಕ, ರಿಬೌಂಡ್, ಅಸಿಸ್ಟ್ ಮೂರರಲ್ಲೂ ಹತ್ತು ದಾಟುವ) ಸರಾಸರಿ ಕಾಯ್ದುಕೊಂಡದ್ದೂ ಅದರಿಂದಲೇ. ಆದ್ದರಿಂದ ವಿಲ್ಟ್‌ನ ಐವತ್ತರಲ್ಲಿ ಐದನೇ ಒಂದು ಪಾಲು ಕಳೆಯಿರಿ, ನನ್ನ ತಕರಾರಿಲ್ಲ. ಉಳಿದದ್ದು ನಲವತ್ತು. ಈಗಿನ ಕಾಲದಲ್ಲಿ ನಲವತ್ತರ ಸರಾಸರಿ ಕಾಯ್ದುಕೊಂಡವರನ್ನು ಹುಡುಕಿ ತೋರಿಸಲು ಅವರಿಗೇ ಹೇಳಿ. ರಿಬೌಂಡಿನ ಮಾತೂ ಹಾಗೆಯೇ. 1960ರ ನವೆಂಬರ್ 24ರಂದು ವಿಲ್ಟ್ ಒಂದೇ ಪಂದ್ಯದಲ್ಲಿ 55 ರಿಬೌಂಡ್ ಹಿಡಿದ. ಎದುರಿಗಿದ್ದವನು ಬೇರೆ ಯಾರೂ ಅಲ್ಲ, ರಸೆಲ್. ಆದರೆ ಆ ಪಂದ್ಯ ಗೆದ್ದದ್ದು ರಸೆಲ್‌ನ ತಂಡ.

ಇಲ್ಲಿಗೆ ನಿಮ್ಮ ಮಗನನ್ನು ನಿಜಕ್ಕೂ ನೋಯಿಸಿದ ಮಾತಿಗೆ ಬಂದೆವು. ಎರಡೇ ಕಪ್ಪು.

ಲೆಕ್ಕ ನಿಜ. 1967 ಮತ್ತು 1972, ಅಷ್ಟೇ. ಪ್ಲೇಆಫ್‌ಗಳಲ್ಲಿ, ಅಂದರೆ ಸೀಸನ್ ಮುಗಿದ ಮೇಲೆ ಕಪ್ಪಿಗಾಗಿ ನಡೆಯುವ ಸುತ್ತುಗಳಲ್ಲಿ, ವಿಲ್ಟ್ ಮತ್ತು ರಸೆಲ್ ಎಂಟು ಸಲ ಎದುರಾದರು, ಏಳು ಸಲ ರಸೆಲ್ ಗೆದ್ದ. ಆದರೆ ಆ ಎರಡು ಕಪ್ಪು ಹೇಗೆ ಬಂದವು ಎಂದು ನೋಡಿದರೆ ಒಬ್ಬ ಬೇರೆಯೇ ಆಟಗಾರ ಕಾಣುತ್ತಾನೆ. ನಾನು ಇಷ್ಟು ವರ್ಷ ವಿಲ್ಟ್‌ನ ಅಂಕಿಅಂಶಗಳ ಜೊತೆ ಕಳೆದು ಬಂದ ತೀರ್ಮಾನ ಇದು: ಆತ ತನ್ನಿಂದ ಕೇಳಿದ್ದನ್ನು ಕೊಟ್ಟ. ಅಂಕ ಕೇಳಿದಾಗ ಅಂಕ, ಪಾಸ್ ಕೇಳಿದಾಗ ಪಾಸ್, ಕಾವಲು ಕೇಳಿದಾಗ ಕಾವಲು. ಒಂದೊಂದನ್ನೂ ಆ ಕಾಲದಲ್ಲಿ ಬೇರೆ ಯಾರೂ ಕೊಡಲಾಗದಷ್ಟು ಕೊಟ್ಟ.

1961ರಲ್ಲಿ ಕೋಚ್ ಆಗಿ ಬಂದ ಫ್ರ್ಯಾಂಕ್ ಮೆಕ್‌ಗ್ವಾಯರ್ ತಂಡದ ಆಟವನ್ನೆಲ್ಲ ವಿಲ್ಟ್ ಸುತ್ತ ಕಟ್ಟಿದರು. ವಾರಿಯರ್ಸ್ ಬಲದ ತಂಡವಲ್ಲ, ಸೆಲ್ಟಿಕ್ಸ್ ಎದುರು ಉಳಿಯಬೇಕಾದರೆ ವಿಲ್ಟ್ ಐವತ್ತು ಹೊಡೆಯಬೇಕು ಎನ್ನುವುದು ಅವರ ಲೆಕ್ಕ. ವಿಲ್ಟ್ ಪಂದ್ಯಕ್ಕೆ ಸುಮಾರು 39 ಸಲ ಬುಟ್ಟಿಗೆ ಎಸೆದು ಐವತ್ತು ಹೊಡೆದ. ಆ ವರ್ಷ ಪ್ಲೇಆಫ್‌ನ ಏಳನೆಯ ಪಂದ್ಯದಲ್ಲಿ ಸೆಲ್ಟಿಕ್ಸ್ ಗೆದ್ದದ್ದು ಬರೀ ಎರಡು ಅಂಕದಿಂದ, 109–107. ಉಳಿದ ಆಟಗಾರರೇ ಮತ ಹಾಕಿ ಆರಿಸುತ್ತಿದ್ದ ವರ್ಷದ ಆಟಗಾರ ಪ್ರಶಸ್ತಿಯೂ ರಸೆಲ್‌ಗೇ ಹೋಯಿತು. 50.4 ಸರಾಸರಿ ಹೊಡೆದವನಿಗೆ ಸಿಗಲಿಲ್ಲ. ಜೊತೆಗೆ ಆಡುವವರು ಅಂಕವನ್ನು ಮಾತ್ರ ನೋಡುತ್ತಿರಲಿಲ್ಲ ಎಂದು ಇದರಿಂದ ಗೊತ್ತಾಗುತ್ತದೆ. ಆ ತೀರ್ಪು ತಪ್ಪೆಂದು ನನಗೆ ಅನ್ನಿಸುವುದಿಲ್ಲ, ವಿಲ್ಟ್ ನನ್ನ ಮೆಚ್ಚಿನ ಆಟಗಾರನಾಗಿದ್ದರೂ.

1965ರಲ್ಲಿ ಆತ ಫಿಲಡೆಲ್ಫಿಯಾ 76ಅರ್ಸ್ ತಂಡಕ್ಕೆ ಬಂದ. 1966–67ರಲ್ಲಿ ಅಲೆಕ್ಸ್ ಹ್ಯಾನಮ್ ಕೋಚ್. ಹ್ಯಾನಮ್ ಕೇಳಿದ್ದು ಇದು: ನೀನು ಕಡಿಮೆ ಎಸೆ, ಹೆಚ್ಚು ಹಂಚು. ಏಳು ವರ್ಷ ಸತತವಾಗಿ ಲೀಗಿನ ಅತಿ ಹೆಚ್ಚು ಅಂಕದ ಆಟಗಾರನಾಗಿದ್ದವನಿಗೆ ಹೀಗೆ ಹೇಳಲು ಎದೆಗಾರಿಕೆ ಬೇಕು. ಕೇಳುವವನಿಗೆ ಇನ್ನೂ ಹೆಚ್ಚಿನದು ಬೇಕು. ವಿಲ್ಟ್‌ನ ಸರಾಸರಿ 24.1 ಅಂಕಕ್ಕೆ ಇಳಿಯಿತು, ಅಸಿಸ್ಟ್‌ಗಳು 7.8ಕ್ಕೆ ಏರಿದವು, ಎಸೆದ ನೂರರಲ್ಲಿ 68 ಬುಟ್ಟಿಗೆ ಬಿದ್ದವು. ತಂಡ 68 ಪಂದ್ಯ ಗೆದ್ದು 13 ಸೋತಿತು. ಸತತ ಎಂಟು ವರ್ಷ ಕಪ್ಪು ಹಿಡಿದಿದ್ದ ಸೆಲ್ಟಿಕ್ಸ್ ತಂಡವನ್ನು 4–1ರಿಂದ ಸೋಲಿಸಿ, ಫೈನಲಿನಲ್ಲಿ ತನ್ನದೇ ಹಳೆಯ ವಾರಿಯರ್ಸ್ ತಂಡವನ್ನು, ಆಗ ಅದು ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗಿತ್ತು, 4–2ರಿಂದ ಮಣಿಸಿತು. ಮರುವರ್ಷ ಇಡೀ ಲೀಗಿನಲ್ಲಿ ಎಲ್ಲರಿಗಿಂತ ಹೆಚ್ಚು, 702 ಅಸಿಸ್ಟ್ ಕೊಟ್ಟವನು ಈ ಸೆಂಟರ್! ಗಾರ್ಡ್‌ಗಳ ಕೆಲಸವದು, ಚೆಂಡು ಹೊತ್ತು ತಂದು ಹಂಚುವವರ ಕೆಲಸ. 1968ರ ಫೆಬ್ರುವರಿಯಲ್ಲಿ ಡೆಟ್ರಾಯಿಟ್ ವಿರುದ್ಧ ಒಂದೇ ಪಂದ್ಯದಲ್ಲಿ 22 ಅಂಕ, 25 ರಿಬೌಂಡ್, 21 ಅಸಿಸ್ಟ್. ಆ ನೂರರ ಹಾಳೆ ಪಕ್ಕದಲ್ಲಿ ನಿಮ್ಮ ಮಗ ಇದನ್ನೂ ಬರೆದು ಅಂಟಿಸಲಿ ಎಂದು ನನ್ನ ಆಸೆ.

1968ರಲ್ಲಿ ಲಾಸ್ ಏಂಜಲಿಸ್ ಲೇಕರ್ಸ್. 1971–72ರಲ್ಲಿ ಕೋಚ್ ಬಿಲ್ ಶಾರ್ಮನ್ ಕೇಳಿದ್ದು ಇನ್ನೂ ಕಡಿಮೆ ಅಂಕ: ರಿಬೌಂಡ್ ಹಿಡಿ, ಕೂಡಲೇ ಮುಂದಕ್ಕೆ ಎಸೆ, ಓಡುವವರು ಓಡಲಿ. ವಿಲ್ಟ್‌ಗೆ ಆಗ 35 ವರ್ಷ. ಜೆರ್ರಿ ವೆಸ್ಟ್, ಗೇಲ್ ಗುಡ್‌ರಿಚ್ ಓಡಿ ಓಡಿ ಹೊಡೆದರು. ವಿಲ್ಟ್ 14.8 ಅಂಕ, 19.2 ರಿಬೌಂಡ್ ಸರಾಸರಿಯಲ್ಲಿ ಹಿಂದೆ ನಿಂತು ಗೋಡೆಯಾದ. ನವೆಂಬರ್ 5ರಿಂದ ಜನವರಿವರೆಗೆ ಸತತ 33 ಪಂದ್ಯ ಗೆದ್ದ ಆ ತಂಡ, ಒಟ್ಟು 69 ಗೆಲುವು, 13 ಸೋಲು. ಫೈನಲಿನ ನಾಲ್ಕನೆಯ ಪಂದ್ಯದಲ್ಲಿ ಕೈಗೆ ಪೆಟ್ಟು ಬಿತ್ತು. ಊದಿದ ಕೈಗೆ ಪಟ್ಟಿ ಸುತ್ತಿಕೊಂಡು ಐದನೆಯದನ್ನು ಆಡಿದ, 24 ಅಂಕ, 29 ರಿಬೌಂಡ್, ಕಪ್ಪು, ಫೈನಲಿನ ಶ್ರೇಷ್ಠ ಆಟಗಾರ. ಕೊನೆಯ ಸೀಸನ್ನಿನಲ್ಲಿ ಪಂದ್ಯಕ್ಕೆ ಎಸೆದದ್ದು ಸರಾಸರಿ ಏಳು ಸಲ, ಬಿದ್ದದ್ದು ನೂರಕ್ಕೆ 72.7. ಮೂವತ್ತೊಂಬತ್ತರಿಂದ ಏಳಕ್ಕೆ ಇಳಿದ ಮನುಷ್ಯನನ್ನು ಅಂಕದ ಆಸೆಬುರುಕ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಕೇಳಿದ್ದನ್ನು ಕೊಟ್ಟ ಎಂದೆ. ಕೇಳದಿದ್ದಾಗ ಏನಾಯಿತು ಎಂಬುದನ್ನೂ ಹೇಳದಿದ್ದರೆ ಅರ್ಧ ಹೇಳಿದಂತೆ. 1968ರಲ್ಲಿ ಸೆಲ್ಟಿಕ್ಸ್ ಎದುರು 3–1 ಮುಂದಿದ್ದ 76ಅರ್ಸ್ ಏಳನೆಯ ಪಂದ್ಯದವರೆಗೆ ಎಳೆದುಕೊಂಡು ಹೋಗಿ 100–96ರಿಂದ ಸೋತಿತು. ಆ ಕೊನೆಯ ಪಂದ್ಯದ ಉತ್ತರಾರ್ಧದಲ್ಲಿ ವಿಲ್ಟ್ ಬುಟ್ಟಿಗೆ ಗುರಿಯಿಟ್ಟು ಎಸೆದದ್ದು ಎರಡೇ ಸಲ. ಜೊತೆಗಾರರು ಚೆಂಡು ಕೊಡಲಿಲ್ಲ, ಕೋಚ್ ಕೊಡಿಸಲಿಲ್ಲ, ನಿಜ. ಆದರೆ ಐವತ್ತು ಹೊಡೆಯಬಲ್ಲವನು, ತಂಡ ಮುಳುಗುತ್ತಿರುವಾಗ, ಚೆಂಡು ನನಗೆ ಕೊಡಿ ಎಂದು ಅಬ್ಬರಿಸಬೇಕಿತ್ತು. ರಸೆಲ್ ಆಗಿದ್ದರೆ ಯಾರ ಅಪ್ಪಣೆಗೂ ಕಾಯುತ್ತಿರಲಿಲ್ಲ. ರಸೆಲ್‌ನ ಹನ್ನೊಂದು ಕಪ್ಪಿಗೂ ವಿಲ್ಟ್‌ನ ಎರಡು ಕಪ್ಪಿಗೂ ನಡುವೆ ತಂಡಗಳ ಬಲದ ಅಂತರ ದೊಡ್ಡದಾಗಿಯೇ ಇದೆ, ಆದರೆ ಈ ಒಂದು ಗುಣದ ಅಂತರವೂ ಅದರಲ್ಲಿದೆ.

ಇಬ್ಬರ ಸ್ನೇಹದ ವಿಷಯ ಇಲ್ಲಿ ಒಂದು ಮಾತು. ಇಬ್ಬರೂ 140ಕ್ಕೂ ಹೆಚ್ಚು ಪಂದ್ಯಗಳಲ್ಲಿ ಎದುರಾಗಿದ್ದರು. ಫಿಲಡೆಲ್ಫಿಯಾದಲ್ಲಿ ಹಬ್ಬದ ದಿನ ಪಂದ್ಯವಿದ್ದರೆ ರಸೆಲ್ ಮಧ್ಯಾಹ್ನ ವಿಲ್ಟ್‌ನ ತಾಯಿಯ ಕೈಯಡುಗೆ ಉಂಡು, ಸಂಜೆ ಮಗನ ಎದುರೇ ಆಡುತ್ತಿದ್ದ. 1969ರ ಫೈನಲ್ ಆದ ಮೇಲೆ ರಸೆಲ್ ಆಡಿದ ಒಂದು ಮಾತಿಗೆ ಆ ಸ್ನೇಹ ಮುರಿದು, ಇಪ್ಪತ್ತಕ್ಕೂ ಹೆಚ್ಚು ವರ್ಷ ಮಾತಿಲ್ಲದೆ ಕಳೆಯಿತು. ಆಮೇಲೆ ರಸೆಲ್ ಕ್ಷಮೆ ಕೇಳಿದ. 1999ರ ಅಕ್ಟೋಬರಿನಲ್ಲಿ ವಿಲ್ಟ್ 63ನೆಯ ವಯಸ್ಸಿಗೆ ತೀರಿಕೊಂಡಾಗ ಆತನ ಬಗ್ಗೆ ನಿಂತು ಮಾತಾಡಿದವರಲ್ಲಿ ರಸೆಲ್ ಇದ್ದ.

ಆ 1969ರ ಫೈನಲಿನ ಏಳನೆಯ ಪಂದ್ಯವೇ ನಿಮ್ಮ ಎರಡನೆಯ ಪ್ರಶ್ನೆಗೂ ಬಾಗಿಲು. ಲೇಕರ್ಸ್ ತನ್ನ ನೆಲದಲ್ಲಿ ಆಡುತ್ತಿತ್ತು, ಗೆಲುವು ಖಾತ್ರಿ ಎಂದು ಮಾಲೀಕರು ಮಾಡಿನ ಹತ್ತಿರ ಬಲೂನುಗಳನ್ನು ಕಟ್ಟಿಸಿಟ್ಟಿದ್ದರು. ಕೊನೆಯ ಐದಾರು ನಿಮಿಷ ಇರುವಾಗ ಮೊಣಕಾಲು ನೋವಿನಿಂದ ವಿಲ್ಟ್ ಹೊರಬಂದ. ಸ್ವಲ್ಪ ಹೊತ್ತಿಗೆ ಮತ್ತೆ ಆಡುತ್ತೇನೆ ಎಂದರೂ ಕೋಚ್ ವ್ಯಾನ್ ಬ್ರೆಡಾ ಕಾಲ್ಫ್ ಒಳಗೆ ಬಿಡಲಿಲ್ಲ. ಸೆಲ್ಟಿಕ್ಸ್ ಗೆದ್ದಿತು, 108–106. ಇದಕ್ಕೆ ಎಲ್ಲರೂ ಇವತ್ತಿಗೂ ಕೋಚನ್ನು ಬಯ್ಯುತ್ತಾರೆ. ನಾನು ಸ್ಕೋರ್ ಪಟ್ಟಿಯ ಇನ್ನೊಂದು ಸಾಲನ್ನು ನೋಡುತ್ತೇನೆ. ವಿಲ್ಟ್ ಅಂದು ಎಂಟು ಸಲ ಎಸೆದು ಏಳು ಸಲ ಬುಟ್ಟಿಗೆ ಹಾಕಿದ, 27 ರಿಬೌಂಡ್ ಹಿಡಿದ. ಫ್ರೀ ಥ್ರೋ? 13ಕ್ಕೆ ನಾಲ್ಕು. ಒಂಬತ್ತು ತಪ್ಪಿದವು, ಸೋತದ್ದು ಎರಡು ಅಂಕದಿಂದ.

ವೃತ್ತಿಜೀವನದಲ್ಲಿ ವಿಲ್ಟ್‌ನ ಫ್ರೀ ಥ್ರೋ ನೂರಕ್ಕೆ 51. ಒಂದು ಸೀಸನ್ನಿನಲ್ಲಿ 38ಕ್ಕೂ ಇಳಿದಿತ್ತು. ಆತ ಎಡವಿದ್ದು ಇದೊಂದರಲ್ಲಿ. ಆದರೆ ದಾರಿ ಗೊತ್ತಿರದೆ ಎಡವಿದ್ದಲ್ಲ, ನನಗೆ ಬೇಸರವಾಗುವುದು ಅದಕ್ಕೆ. 1961–62ರಲ್ಲಿ ಆತ ಫ್ರೀ ಥ್ರೋಗಳನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗಿನಿಂದ ಮೇಲಕ್ಕೆ ಎಸೆಯುತ್ತಿದ್ದ, ಬಾವಿಯಿಂದ ಸೇದಿದ ಬಿಂದಿಗೆಯನ್ನು ಮೇಲೆತ್ತಿ ಕೊಡುವ ಹಾಗೆ. ಆ ವರ್ಷ 61.3, ಅವನ ಜೀವನದ ಅತ್ಯುತ್ತಮ. ಹರ್ಷಿಯ ಆ 32ಕ್ಕೆ 28 ಕೂಡ ಹೀಗೆಯೇ ಬಂದದ್ದು. ಆ 28 ಇಲ್ಲದಿದ್ದರೆ ನೂರು ಇಲ್ಲ. ಆದರೂ ಆಮೇಲೆ ಅದನ್ನು ಬಿಟ್ಟುಬಿಟ್ಟ. ಹೆಣ್ಣಿಗನಂತೆ ಕಾಣುತ್ತೇನೆ ಎಂಬ ಸಂಕೋಚದಿಂದ ಬಿಟ್ಟೆ, ಹಾಗೆ ಬಿಟ್ಟದ್ದು ತಪ್ಪು ಎಂದು ತನ್ನ ಆತ್ಮಕಥೆಯಲ್ಲಿ ತಾನೇ ಒಪ್ಪಿಕೊಂಡಿದ್ದಾನೆ. 1967ರ ಫೈನಲಿನಲ್ಲಿ ಅವನ ಎದುರು ಆಡಿದ ರಿಕ್ ಬ್ಯಾರಿ ಯಾರು ನಕ್ಕರೂ ಲೆಕ್ಕಿಸದೆ ಕೊನೆಯವರೆಗೂ ಕೆಳಗಿನಿಂದಲೇ ಎಸೆದವನು. ಹತ್ತಕ್ಕೆ ಒಂಬತ್ತರ ಹತ್ತಿರ ಹಾಕುತ್ತಿದ್ದ.

ವಿಲ್ಟ್‌ನನ್ನು ಕಟ್ಟಿಹಾಕಲು ಆಟದ ನಿಯಮಗಳನ್ನೇ ತಿದ್ದಿದ್ದರು. ಬುಟ್ಟಿಯ ಹತ್ತಿರ ನಿಲ್ಲುವುದು ಕಷ್ಟವಾಗಲಿ ಎಂದು 1964ರಲ್ಲಿ ಬುಟ್ಟಿಯ ಮುಂದಿನ ಲೇನ್ ಎಂಬ ಪಟ್ಟಿಯ ಅಗಲವನ್ನು 12 ಅಡಿಯಿಂದ 16ಕ್ಕೆ ಹೆಚ್ಚಿಸಿದರು. ಅದರಿಂದ ಅವನು ನಿಲ್ಲಲಿಲ್ಲ. ಯಾವ ನಿಯಮವೂ ಮಾಡಲಾಗದ್ದನ್ನು ನಗುವವರ ಭಯ ಮಾಡಿತು. ನಿಮ್ಮ ಮಗನ ವಯಸ್ಸಿನಲ್ಲಿ ಆ ಭಯ ಇನ್ನೂ ದೊಡ್ಡದಾಗಿ ಕಾಣುತ್ತದೆ, ಅದು ನನಗೆ ಗೊತ್ತು. ನನ್ನ ಹತ್ತಿರ ಬಂದ ಎತ್ತರದ ಹುಡುಗರಿಗೆ ಕೆಳಗಿನಿಂದ ಎಸೆಯಲು ಹೇಳಿದಾಗ ಹತ್ತರಲ್ಲಿ ಎಂಟು ಜನ ಮೊದಲು ನೋಡುವುದು ಬುಟ್ಟಿಯನ್ನಲ್ಲ, ಅಂಕಣದ ಆಚೆ ನಿಂತವರನ್ನು.

ಅಂಕಿಗಳ ಲೆಕ್ಕ ಕೇಳಿದ್ದೀರಿ, ಉಳಿದದ್ದನ್ನೂ ಹೇಳಿಬಿಡುತ್ತೇನೆ. ಒಟ್ಟು 31,419 ಅಂಕ. 1984ರ ಏಪ್ರಿಲ್ 5ರಂದು ಕರೀಂ ಅಬ್ದುಲ್ ಜಬ್ಬಾರ್ ಅದನ್ನು ದಾಟುವವರೆಗೆ ಅದೇ ದಾಖಲೆ. 23,924 ರಿಬೌಂಡ್. ನಾಲ್ಕು ಸಲ ವರ್ಷದ ಆಟಗಾರ, ಮೊದಲನೆಯದು ಲೀಗಿಗೆ ಕಾಲಿಟ್ಟ 1959–60ರಲ್ಲೇ. ಆ ವರ್ಷದ ಹೊಸ ಆಟಗಾರ ಪ್ರಶಸ್ತಿಯೂ ಜೊತೆಗೆ. ಏಳು ಸಲ ಅಂಕದಲ್ಲಿ, ಹನ್ನೊಂದು ಸಲ ರಿಬೌಂಡಿನಲ್ಲಿ ಲೀಗಿಗೆ ಮೊದಲಿಗ. ಎದುರಾಳಿಯ ಎಸೆತವನ್ನು ಗಾಳಿಯಲ್ಲೇ ತಡೆದ ಬ್ಲಾಕ್‌ಗಳು ಎಷ್ಟು ಎಂದರೆ ಲೆಕ್ಕವೇ ಇಲ್ಲ. ಲೀಗ್ ಬ್ಲಾಕ್ ಎಣಿಸಲು ಶುರುಮಾಡಿದ್ದು 1973–74ರಲ್ಲಿ. ವಿಲ್ಟ್ ಎನ್‌ಬಿಎಯಲ್ಲಿ ಕೊನೆಯ ಪಂದ್ಯ ಆಡಿದ್ದು ಅದರ ಹಿಂದಿನ ಸೀಸನ್ನಿನಲ್ಲಿ.

ಈಗ ಹುಡುಗನ ಕೈಗೆ ಬರೋಣ. ಶಾಲೆಯಲ್ಲಿ ಬೇಡ, ಮೊದಲ ಹದಿನೈದು ದಿನ ಬೆಳಗ್ಗೆ ಯಾರೂ ಇಲ್ಲದ ಹೊತ್ತಿನಲ್ಲಿ ನೀವಿಬ್ಬರೇ ಅಂಕಣಕ್ಕೆ ಹೋಗಿ. ಪಾದಗಳು ಭುಜದಷ್ಟು ಅಗಲ, ಎರಡೂ ಗೆರೆಯ ಹಿಂದೆ ಸಮನಾಗಿ. ಚೆಂಡನ್ನು ಎರಡೂ ಬದಿಯಿಂದ ಬೆರಳ ತುದಿಗಳಲ್ಲಿ ಹಿಡಿಯಲಿ, ಅಂಗೈ ಒತ್ತಬಾರದು. ಮಂಡಿ ಸ್ವಲ್ಪ ಬಾಗಿಸಿ, ಕೈಗಳನ್ನು ನೇರವಾಗಿ ಕೆಳಗೆ ಬಿಟ್ಟು, ತೊಡೆಗಳ ನಡುವಿನಿಂದ ಒಂದೇ ತೂಗಿನಲ್ಲಿ ಮೇಲಕ್ಕೆ ತರಲಿ. ಚೆಂಡು ಬಿಡುವಾಗ ಬೆರಳುಗಳು ಅದನ್ನು ತನ್ನ ಕಡೆಗೆ ಉರುಳಿಸಬೇಕು. ಚೆಂಡು ಹಿಂದಕ್ಕೆ ತಿರುಗುತ್ತಾ ಹೋಗಿ ರಿಂಗಿಗೆ ತಾಗಿದರೂ ಎಗರಿ ಓಡದೆ ಅಲ್ಲೇ ಮೆತ್ತಗೆ ಕೂರುವುದು ಆ ತಿರುಗುವಿಕೆಯಿಂದಲೇ. ಮೊಣಕೈ, ಮಣಿಕಟ್ಟು ಎರಡೂ ಕಡೆ ಒಂದೇ ರೀತಿ ಚಲಿಸುವುದರಿಂದ ಎಡಬಲಕ್ಕೆ ತಪ್ಪುವುದು ಕಡಿಮೆ. ತಪ್ಪಿದರೆ ಹಿಂದೆ ಮುಂದೆ ತಪ್ಪುತ್ತದೆ, ಅದನ್ನು ತಿದ್ದುವುದು ಸುಲಭ. ಮೊದಲ ದಿನ ಐದಡಿ ದೂರದಿಂದ, ಹತ್ತಕ್ಕೆ ಏಳು ಬೀಳತೊಡಗಿದ ಮೇಲೆ ಒಂದೊಂದು ಹೆಜ್ಜೆ ಹಿಂದಕ್ಕೆ. ದಿನಕ್ಕೆ ಐವತ್ತು ಸಾಕು. ಬಿದ್ದದ್ದನ್ನು, ತಪ್ಪಿದ್ದನ್ನು ನೀವು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ತಿಂಗಳಾದ ಮೇಲೆ ಆ ಪುಟಗಳ ಫೋಟೊ ನನಗೆ ಕಳಿಸಿ. ಹತ್ತಕ್ಕೆ ಆರು ದಾಟಿದ್ದರೆ ಪಂದ್ಯದಲ್ಲಿ ಹಾಗೇ ಎಸೆಯಲಿ. ದಾಟಿರದಿದ್ದರೆ ಒಂದು ಸಣ್ಣ ವಿಡಿಯೊ ಮಾಡಿ ಕಳಿಸಿ, ಕೈ ಎಲ್ಲಿ ತಪ್ಪುತ್ತಿದೆ ಎಂದು ನೋಡಿ ಬರೆಯುತ್ತೇನೆ.